ಎಳೆಗೂಸಿನ ಕಣ್ಣಲ್ಲಿ ಪೊರೆ: ಮುಂಬೈಯ ಕನ್ನಡ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬೈಯ ಕನ್ನಡ ಮನೆಗಳಲ್ಲಿ ಚೊಚ್ಚಲ ಹೆರಿಗೆ ಇಂದಿಗೂ ಬಹುಮಟ್ಟಿಗೆ ತವರಿನದೇ. ಸೀಮಂತ ಮುಗಿಸಿ ಮತ್ಸ್ಯಗಂಧಾ ರೈಲು ಹತ್ತಿ ಉಡುಪಿ, ಕುಂದಾಪುರಕ್ಕೆ ಹೋದವಳು, ಇಲ್ಲವೇ ವಿಜಯಪುರ, ಕಲಬುರಗಿಯ ಕಡೆಗೆ ಹೋದವಳು, ಬಾಣಂತನ ಮುಗಿಸಿ ಡೊಂಬಿವಲಿಗೋ ಮೀರಾ ರೋಡಿಗೋ ಮರಳುವಷ್ಟರಲ್ಲಿ ಮಗುವಿಗೆ ಮೂರು ತಿಂಗಳು ತುಂಬಿರುತ್ತದೆ, ಕೆಲವೊಮ್ಮೆ ಐದು. "ಕಣ್ಣು ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಮುಂಬೈಗೆ ಹೋದ ಮೇಲೆ ದೊಡ್ಡ ಡಾಕ್ಟರಿಗೆ ತೋರಿಸಿದರಾಯಿತು" ಎಂಬ ಮಾತು ಈ ಲೆಕ್ಕದಲ್ಲಿಯೇ ಹುಟ್ಟುತ್ತದೆ. ಆದರೆ ಹುಟ್ಟಿನಿಂದಲೇ ದಟ್ಟ ಪೊರೆ ಇರುವ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಬೇಕಾದದ್ದು ನಾಲ್ಕರಿಂದ ಎಂಟು ವಾರಗಳ ನಡುವೆ. ಬಾಣಂತಿ ಮುಂಬೈಯಲ್ಲಿ ರೈಲಿನಿಂದ ಇಳಿಯುವ ಹೊತ್ತಿಗೆ ಆ ಅವಧಿ ದಾಟಿಹೋಗಿರುತ್ತದೆ. ಮುಂದೆ ಬರೆದಿರುವ ವಿವರಗಳೆಲ್ಲವೂ ಈ ದಿನಗಳ ಎಣಿಕೆಯ ಸುತ್ತಲೇ ಇವೆ.

ನಾನು ವೈದ್ಯನಲ್ಲ. ಪರಳದ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ ಮರಾಠಿ, ಹಿಂದಿ ಬಾರದ ನಮ್ಮ ಊರಿನವರ ಜೊತೆ ಕುಳಿತು ಅವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ದಾಟಿಸುವವನು. ಈ ಮಾರ್ಗದರ್ಶಿ ನಿಮ್ಮ ಮಗುವಿನ ವೈದ್ಯರ ಜಾಗವನ್ನು ತುಂಬುವುದಿಲ್ಲ. ಅವರ ಮುಂದೆ ಕುಳಿತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಹೇಳುತ್ತದೆ.

ಪೊರೆ ಎಂದರೇನು, ಇಷ್ಟು ಅವಸರ ಏಕೆ

ಕಣ್ಣಿನ ಪಾಪೆಯ ಹಿಂದೆ ಪಾರದರ್ಶಕವಾದ ಮಸೂರವಿದೆ. ಅದು ಸ್ನಾನದ ಮನೆಯ ಕಿಟಕಿಗೆ ಹಾಕುವ ಮಂಜುಗಾಜಿನಂತೆ ಮಸುಕಾದರೆ ಅದೇ ಪೊರೆ. ಮುಂಬೈಯಲ್ಲಿ ನರ್ಸ್ ಮೋತಿಬಿಂದು ಎಂದರೆ ಇದನ್ನೇ ಹೇಳುತ್ತಿದ್ದಾರೆ ಎಂದು ತಿಳಿಯಿರಿ. ಅಜ್ಜನ ಪೊರೆಗೂ ಮೊಮ್ಮಗುವಿನ ಪೊರೆಗೂ ಹೆಸರು ಒಂದೇ, ಆದರೆ ರೋಗದ ನಡೆ ಬೇರೆ. ಅಜ್ಜ ಎಪ್ಪತ್ತು ವರ್ಷ ನೋಡಿದವರು; ಅವರ ಮಿದುಳಿಗೆ ನೋಡುವುದು ಗೊತ್ತು. ಒಂದು ವರ್ಷ ತಡವಾಗಿ ಪೊರೆ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಕೂಸಿನ ಮಿದುಳು ನೋಡಲು ಕಲಿಯುವುದೇ ಹುಟ್ಟಿದ ಮೇಲೆ. ಕಣ್ಣಿನಿಂದ ಸ್ಪಷ್ಟ ಚಿತ್ರ ಬಾರದಿದ್ದರೆ ಆ ಕಣ್ಣಿಗೆ ಮೀಸಲಾದ ನರಕೋಶಗಳ ಸಂಪರ್ಕ ಬೆಳೆಯುವುದಿಲ್ಲ. ಆಮೇಲೆ ಪೊರೆಯನ್ನು ಎಷ್ಟು ಚೊಕ್ಕಟವಾಗಿ ತೆಗೆದರೂ ಕಣ್ಣು ನೋಡುತ್ತದೆ, ಮಿದುಳು ಗುರುತಿಸುವುದಿಲ್ಲ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಬೆಕ್ಕಿನ ಮರಿಗಳ ಕಣ್ಣು ಮುಚ್ಚಿಟ್ಟು ಮಿದುಳಿನಲ್ಲಿ ಏನಾಗುತ್ತದೆ ಎಂದು ತೋರಿಸಿದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಬಂತು. ಮಕ್ಕಳ ಪೊರೆ ಚಿಕಿತ್ಸೆಯ ವೇಳಾಪಟ್ಟಿಯ ಹಿಂದೆ ಆ ತಿಳಿವಳಿಕೆ ಇದೆ.

ಒಂದೇ ಕಣ್ಣಿನಲ್ಲಿ ಪೊರೆ ಇದ್ದರೆ "ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ" ಎಂಬ ಸಮಾಧಾನ ಎಲ್ಲರ ಬಾಯಲ್ಲಿಯೂ ಬರುತ್ತದೆ. ನಿಜದಲ್ಲಿ ಒಂದೇ ಕಣ್ಣಿನ ಪೊರೆಗೆ ಸಮಯ ಇನ್ನೂ ಕಡಿಮೆ. ಒಳ್ಳೆಯ ಕಣ್ಣು ಮಿದುಳನ್ನು ಪೂರ್ತಿ ಆಕ್ರಮಿಸಿಕೊಂಡು ಇನ್ನೊಂದನ್ನು ಹೊರಗೆ ತಳ್ಳುತ್ತದೆ.

ಮೊದಲ ಹೆಜ್ಜೆ: ಬಾಣಂತಿ ಕೋಣೆಯಲ್ಲಿಯೇ ಕಣ್ಣು ನೋಡಿ

ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುನ್ನ ಮಕ್ಕಳ ವೈದ್ಯರನ್ನು ನೇರವಾಗಿ ಕೇಳಿ: "ಮಗುವಿನ ಕಣ್ಣಿನ ಕೆಂಪು ಹೊಳಪು ನೋಡಿದಿರಾ?" ಮಂದ ಬೆಳಕಿನಲ್ಲಿ ಒಂದು ಸಣ್ಣ ಉಪಕರಣದಿಂದ ಪಾಪೆಯೊಳಗೆ ಬೆಳಕು ಹಾಯಿಸಿದರೆ ಎರಡೂ ಕಣ್ಣುಗಳಲ್ಲಿ ಸಮನಾದ ಕಿತ್ತಳೆಗೆಂಪು ಹೊಳಪು ಕಾಣಬೇಕು. ಒಂದರಲ್ಲಿ ಕಪ್ಪು ಕಲೆ, ಮಂಕು ಅಥವಾ ಬಿಳುಪು ಕಂಡರೆ ಅನುಮಾನ. ಒಂದು ನಿಮಿಷದ ಕೆಲಸ, ಬಿಡಿಗಾಸಿನ ಖರ್ಚಿಲ್ಲ. ಕೇಳದಿದ್ದರೆ ತಪ್ಪಿಹೋಗುವ ಪರೀಕ್ಷೆಯೂ ಇದೇ.

ಕತ್ತಲ ಬಾಣಂತಿ ಕೋಣೆ, ಕಣ್ತುಂಬ ಕಾಡಿಗೆ, ದಿನದಲ್ಲಿ ಹದಿನೆಂಟು ಗಂಟೆ ನಿದ್ದೆ: ಪೊರೆ ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ. ಕಾಡಿಗೆ ಒರೆಸಿ, ಮಗು ಎಚ್ಚರವಾಗಿ ಸುಮ್ಮನಿರುವಾಗ ಕಿಟಕಿಯ ಬಳಿ ತಂದು ಪಾಪೆಯನ್ನು ನೋಡಿ. ಕಪ್ಪಾಗಿರಬೇಕಾದ ಜಾಗದಲ್ಲಿ ಬಿಳಿ ಅಥವಾ ಬೂದು ಚುಕ್ಕೆ ಇದೆಯೇ? ಆರರಿಂದ ಎಂಟು ವಾರ ಆದರೂ ತಾಯಿಯ ಮುಖದಲ್ಲಿ ಕಣ್ಣು ನೆಡುತ್ತಿಲ್ಲವೇ? ಒಂದು ಕಣ್ಣು ಓರೆಯಾಗುತ್ತದೆಯೇ? ಬೆಳಕಿಗೆ ಮುಖ ಸಿಂಡರಿಸುತ್ತದೆಯೇ? ಕಣ್ಣುಗುಡ್ಡೆಗಳು ತಾವಾಗಿ ಅತ್ತಿತ್ತ ಅದುರುತ್ತಿದ್ದರೆ ತಡವಾಗಿಬಿಟ್ಟಿದೆ ಎಂಬ ಸೂಚನೆ. ಚಿಕಿತ್ಸೆಯಾಗದ ದಟ್ಟ ಪೊರೆಯಲ್ಲಿ ಅದು ಸುಮಾರು ಮೂರು ತಿಂಗಳ ಹೊತ್ತಿಗೆ ಶುರುವಾಗುತ್ತದೆ. ಆದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು, ಉಳಿಸಿಕೊಳ್ಳುವಷ್ಟನ್ನು ಉಳಿಸಿಕೊಳ್ಳಬೇಕು.

ಮೊಬೈಲಿನ ಫ್ಲಾಶ್ ಫೋಟೋದಲ್ಲಿ ಒಂದು ಕಣ್ಣು ಕೆಂಪಗೂ ಇನ್ನೊಂದು ಬೆಳ್ಳಗೂ ಕಂಡು ರೋಗ ಗೊತ್ತಾದ ಮಕ್ಕಳಿದ್ದಾರೆ. ಮಗು ಓರೆಯಾಗಿ ನೋಡುತ್ತಿದ್ದಾಗಲೂ ಹಾಗೆ ಕಾಣಬಹುದು, ಅದಕ್ಕೇ ಗಾಬರಿ ಬೇಡ. ಆದರೆ ಅಳಿಸಿಯೂ ಹಾಕಬೇಡಿ. ಆ ಫೋಟೋವನ್ನು ವೈದ್ಯರಿಗೆ ತೋರಿಸಿ. ಬಿಳಿ ಪಾಪೆಗೆ ಪೊರೆಯೊಂದೇ ಕಾರಣವಲ್ಲ. ರೆಟಿನೊಬ್ಲಾಸ್ಟೋಮಾ ಎಂಬ ಅಕ್ಷಿಪಟದ (ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ಪರದೆಯ) ಕ್ಯಾನ್ಸರ್ ಕೂಡ ಹೀಗೆಯೇ ಕಾಣುತ್ತದೆ, ಮತ್ತು ಅದು ಜೀವಕ್ಕೆ ಕುತ್ತು. ಹಾಗಾಗಿ ಬಿಳಿ ಪಾಪೆ ಕಂಡ ವಾರದೊಳಗೆ ಕಣ್ಣಿನ ವೈದ್ಯರ ಮುಂದೆ ಇರಬೇಕು. ಕಣ್ಣಿಗೆ ಎದೆಹಾಲು ಹಿಂಡುವುದು, ಜೇನು ಹಚ್ಚುವುದು, ಯಾರೋ ಕೊಟ್ಟ ಹನಿ ಹಾಕುವುದು ಬೇಡ. ಯಾವ ಹನಿಯೂ ಪೊರೆಯನ್ನು ಕರಗಿಸುವುದಿಲ್ಲ.

ಎರಡನೆಯ ಹೆಜ್ಜೆ: ಎಲ್ಲಿಗೆ ಹೋಗಬೇಕು

ಮಗು ತವರಿನಲ್ಲಿದ್ದಾಗಲೇ ಅನುಮಾನ ಬಂದರೆ ಮುಂಬೈಯನ್ನು ಕಾಯಬೇಡಿ. ಕರಾವಳಿಯವರಿಗೆ ಮಣಿಪಾಲ ಹತ್ತಿರ, ಬೆಂಗಳೂರಿನಲ್ಲಿ ಮಿಂಟೊ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ತವರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮುಂಬೈಯಲ್ಲಿ ಮುಂದಿನ ತಪಾಸಣೆ ನಡೆಸುವುದು ಖಂಡಿತ ಸಾಧ್ಯ. ಕಾಗದಪತ್ರ ಸರಿಯಾಗಿ ತಂದರಾಯಿತು: ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಕಣ್ಣಿನ ಉದ್ದದ ಅಳತೆ, ಕಣ್ಣೊತ್ತಡದ ಅಂಕಿ, ಮಸೂರ ಹಾಕಿದ್ದರೆ ಅದರ ಸ್ಟಿಕ್ಕರು.

ಮುಂಬೈಯಲ್ಲಿ ಮಗು ಇದ್ದರೆ ಮಹಾನಗರಪಾಲಿಕೆಯ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳು ಮತ್ತು ಭಾಯಖಳಾದ ಸರ್ಕಾರಿ ಜೆ.ಜೆ. ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗಗಳಿವೆ. ಪರಳದಲ್ಲಿ ಕೆಇಎಂ ಪಕ್ಕದಲ್ಲಿಯೇ ಮಕ್ಕಳ ವಾಡಿಯಾ ಆಸ್ಪತ್ರೆ ಇದೆ. ನವಿ ಮುಂಬೈ ಕಡೆಯವರಿಗೆ ಪನವೇಲಿನ ಲಕ್ಷ್ಮೀ ಐ ಇನ್‌ಸ್ಟಿಟ್ಯೂಟ್, ಪುಣೆಯವರಿಗೆ ಹಡಪಸರದ ಎಚ್.ವಿ. ದೇಸಾಯಿ ಕಣ್ಣಾಸ್ಪತ್ರೆ, ಗೋವಾದವರಿಗೆ ಬಾಂಬೋಳಿಯ ಮೆಡಿಕಲ್ ಕಾಲೇಜು. ಯಾವ ಆಸ್ಪತ್ರೆಗೆ ಹೋದರೂ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಮಕ್ಕಳ ಕಣ್ಣಿನ ತಜ್ಞರಿದ್ದಾರೆಯೇ, ಎಳೆಗೂಸುಗಳಿಗೆ ಅರಿವಳಿಕೆ ಕೊಡುವವರಿದ್ದಾರೆಯೇ? ದಿನಕ್ಕೆ ಮೂವತ್ತು ಮುದುಕರ ಪೊರೆ ತೆಗೆಯುವ ಪಳಗಿದ ಕೈಯಾದರೂ ಎರಡು ತಿಂಗಳ ಮಗುವಿಗೆ ಅದು ಸಾಕಾಗುವುದಿಲ್ಲ.

ಸರದಿಯ ಚೀಟಿ ಮಾಡಿಸುವಾಗಲೇ ಮಗುವಿನ ವಯಸ್ಸನ್ನು ವಾರಗಳಲ್ಲಿ ಹೇಳಿ. "ಚಿಕ್ಕ ಮಗು" ಎಂದರೆ ಮುಂದಿನ ತಿಂಗಳ ತಾರೀಖು ಸಿಗಬಹುದು. "ಐದು ವಾರದ ಮಗು, ಪಾಪೆ ಬೆಳ್ಳಗಿದೆ" ಎಂದರೆ ಚೀಟಿ ಬರೆಯುವವರ ಕೈ ನಿಲ್ಲುತ್ತದೆ. ಈ ಒಂದು ವಾಕ್ಯದ ಮರಾಠಿಯನ್ನು ನೆರೆಯವರಿಂದ ಬರೆಸಿಕೊಂಡು ಹೋಗಿ.

ಹಣದ ಮಾತು. ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಿ ಚಿಕಿತ್ಸೆ ಕೊಡಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಟ್ಟುಪೊರೆಯೂ ಇದೆ. ಅಂಗನವಾಡಿ, ಆಶಾ ಕಾರ್ಯಕರ್ತೆ ಅಥವಾ ಸರ್ಕಾರಿ ಆಸ್ಪತ್ರೆಯ ಮೂಲಕ ಅದನ್ನು ತಲುಪಬಹುದು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಮೇಜು ಹಾಕಿಕೊಂಡು ಕುಳಿತಿರುತ್ತಾರೆ. ಹಲವು ವರ್ಷಗಳಿಂದ ಧಾರಾವಿಯಲ್ಲಿದ್ದು ಪಡಿತರ ಚೀಟಿ ಮಾತ್ರ ಯಾದಗಿರಿಯದು ಎನ್ನುವವರು ಮೊದಲು ಅವರ ಬಳಿ ಹೋಗಬೇಕು. ಆಯುಷ್ಮಾನ್ ಕಾರ್ಡ್ ಕೇಂದ್ರ ಯೋಜನೆಯ ಪಟ್ಟಿಯದಾಗಿದ್ದರೆ ರಾಜ್ಯದ ಗಡಿ ದಾಟಿಯೂ ನಡೆಯುತ್ತದೆ. ಮಹಾರಾಷ್ಟ್ರದ ಯೋಜನೆಗೆ ಇಲ್ಲಿಯ ದಾಖಲೆಯನ್ನೇ ಕೇಳುತ್ತಾರೆ. ಮಗುವಿನ ಜನನ ಪ್ರಮಾಣಪತ್ರವನ್ನು ನಾಮಕರಣದವರೆಗೆ ಕಾಯದೆ ಮಾಡಿಸಿಟ್ಟುಕೊಳ್ಳಿ. ಹೆಸರನ್ನು ಆಮೇಲೆಯೂ ಸೇರಿಸಬಹುದು.

ಮೂರನೆಯ ಹೆಜ್ಜೆ: ಪರೀಕ್ಷೆಗಳು, ಮತ್ತು "ಯಾಕೆ ಬಂತು" ಎಂಬ ಪ್ರಶ್ನೆ

ಪಾಪೆ ಅಗಲವಾಗಲು ಹನಿ ಹಾಕಿ ಮಸೂರವನ್ನು ನೋಡುತ್ತಾರೆ. ಪೊರೆ ದಟ್ಟವಾಗಿದ್ದು ಹಿಂದಿನ ಭಾಗ ಕಾಣದಿದ್ದರೆ ಅಲ್ಟ್ರಾಸೌಂಡ್ ಮಾಡಿ ಅಕ್ಷಿಪಟ ಸರಿಯಿದೆಯೇ, ಗಡ್ಡೆ ಏನಾದರೂ ಇದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಎರಡೂ ಕಣ್ಣಿನಲ್ಲಿ ಪೊರೆ ಇದ್ದರೆ ಸಾಮಾನ್ಯವಾಗಿ ರಕ್ತ, ಮೂತ್ರದ ಪರೀಕ್ಷೆಗಳೂ ಇರುತ್ತವೆ.

ಸೊಸೆಯ ಕಡೆಯವರದೋ ಮಗನ ಕಡೆಯವರದೋ, ಗ್ರಹಣದ ದಿನ ಏನು ಕತ್ತರಿಸಿದಳು ಎಂಬ ವಿಚಾರಣೆ ಮನೆಯಲ್ಲಿ ಶುರುವಾಗುವುದು ಈ ಹಂತದಲ್ಲಿ. ಗ್ರಹಣಕ್ಕೂ ಪೊರೆಗೂ ಸಂಬಂಧವಿಲ್ಲ. ಒಂದೇ ಕಣ್ಣಿನ ಪೊರೆಯಲ್ಲಿ ಬಹಳಷ್ಟು ಸಲ ಕಾರಣವೇ ಸಿಗುವುದಿಲ್ಲ. ಗರ್ಭದಲ್ಲಿ ಕಣ್ಣಿನೊಳಗಿದ್ದ ರಕ್ತನಾಳಗಳು ಕರಗದೆ ಉಳಿದದ್ದು ಕೆಲವರಲ್ಲಿ ಕಾಣುತ್ತದೆ. ಎರಡೂ ಕಣ್ಣಿನದಾದರೆ ಆನುವಂಶಿಕತೆ ಒಂದು ಮುಖ್ಯ ಕಾರಣ. ತಂದೆತಾಯಿಯರಲ್ಲಿ ಒಬ್ಬರಿಂದಲೇ ಬರುವ ಬಗೆಯಾದರೆ ಪ್ರತಿ ಮಗುವಿಗೂ ಐವತ್ತು ಪ್ರತಿಶತ ಸಾಧ್ಯತೆ. ಆದ್ದರಿಂದ ಒಳ್ಳೆಯ ವೈದ್ಯರು ನಿಮ್ಮಿಬ್ಬರ ಕಣ್ಣನ್ನೂ ಯಂತ್ರದ ಮುಂದೆ ಕೂರಿಸಿ ನೋಡುತ್ತಾರೆ. ತಂದೆಗೆ ತೊಂದರೆಯೇ ಕೊಡದ ಸಣ್ಣ ಪೊರೆ ಆಗ ಮೊದಲ ಬಾರಿಗೆ ಪತ್ತೆಯಾಗುವುದುಂಟು. ಸೋದರಮಾವನನ್ನು ಮದುವೆಯಾದ ಮನೆಗಳಲ್ಲಿ, ತಂದೆತಾಯಿ ಇಬ್ಬರೂ ಒಂದೇ ದೋಷದ ವಾಹಕರಾಗಿದ್ದು ಮಗುವಿಗೆ ಬರುವ ಬಗೆಯ ಸಾಧ್ಯತೆ ಹೆಚ್ಚು. ಸಂಬಂಧವನ್ನು ಮುಚ್ಚಿಡದೆ ಹೇಳಿ.

ಇನ್ನೊಂದು ಕಾರಣ ರುಬೆಲ್ಲಾ. ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ಸಣ್ಣ ಜ್ವರ, ಮೈಮೇಲೆ ಗುಳ್ಳೆ ಬಂದು ಎರಡು ದಿನದಲ್ಲಿ ಹೋಗಿರಬಹುದು, ಕೆಲವರಿಗೆ ಅದೂ ಇಲ್ಲ. ಮಗುವಿಗೆ ಪೊರೆ, ಕಿವುಡು, ಹೃದಯದ ದೋಷ ಒಟ್ಟಿಗೆ ಬರಬಹುದು. ಈ ಕೊಂಡಿಯನ್ನು ಮೊದಲು ಗುರುತಿಸಿದವರು ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, 1941ರಲ್ಲಿ. ರುಬೆಲ್ಲಾ ಖಚಿತವಾದರೆ ಹೃದಯದ ಎಕೋ ಮತ್ತು ಕಿವಿಯ ಪರೀಕ್ಷೆ ಮಾಡಿಸಲೇಬೇಕು. ಇನ್ನೊಂದು ಮಾತನ್ನು ಹೆಚ್ಚಿನವರು ಹೇಳುವುದಿಲ್ಲ: ಅಂಥ ಮಗು ಒಂದು ವರ್ಷದವರೆಗೂ ವೈರಾಣುವನ್ನು ಹೊರಹಾಕಬಹುದು. ಚಾಳಿನ ಒಂದೇ ಕೋಣೆಯಲ್ಲಿ ಗರ್ಭಿಣಿ ನಾದಿನಿಯೂ ಇದ್ದರೆ ಅವಳು ಮಗುವಿನಿಂದ ದೂರ ಇರಬೇಕು.

ಅಪರೂಪದ್ದಾದರೂ ಗಮನಿಸಬೇಕಾದದ್ದು ಗ್ಯಾಲಕ್ಟೋಸಿಮಿಯಾ. ಹಾಲಿನ ಸಕ್ಕರೆಯ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾರದ ಸ್ಥಿತಿ. ಕಾಮಾಲೆ ಬಿಡದು, ವಾಂತಿ, ತೂಕ ಏರದು, ಜೊತೆಗೆ ಎಣ್ಣೆಯ ಹನಿಯಂತೆ ಕಾಣುವ ಪೊರೆ. ಬೇಗ ಪತ್ತೆಯಾಗಿ ಹಾಲು ನಿಲ್ಲಿಸಿದರೆ ಶಸ್ತ್ರಚಿಕಿತ್ಸೆಯಿಲ್ಲದೆ ಪೊರೆ ತಿಳಿಯಾಗಬಲ್ಲದು. ಆದರೆ ಇಲ್ಲಿ ಎದೆಹಾಲನ್ನೂ ನಿಲ್ಲಿಸಬೇಕಾಗುತ್ತದೆ. ವೈದ್ಯರು ಹೇಳದೆ ಯಾರೂ ಹಾಗೆ ಮಾಡಬಾರದು.

ನಾಲ್ಕನೆಯ ಹೆಜ್ಜೆ: ಶಸ್ತ್ರಚಿಕಿತ್ಸೆ ಬೇಕೇ, ಯಾವಾಗ

ಎಲ್ಲ ಪೊರೆಗೂ ಕತ್ತರಿ ಬೇಡ. ಮಸೂರದ ಮುಂಭಾಗದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಇದ್ದು ಸುತ್ತಲೂ ತಿಳಿಯಾಗಿದ್ದರೆ ಕನ್ನಡಕ ಕೊಟ್ಟು ಕಾಯುತ್ತಾರೆ. ಮಧ್ಯದಲ್ಲಿ ಸುಮಾರು 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದು ಅದರ ಮೂಲಕ ಅಕ್ಷಿಪಟ ಕಾಣದಿದ್ದರೆ ತೆಗೆಯಬೇಕು. ಒಂದೇ ಕಣ್ಣಿನ ದಟ್ಟ ಪೊರೆಗೆ ನಾಲ್ಕರಿಂದ ಆರು ವಾರ, ಎರಡೂ ಕಣ್ಣಿನದಕ್ಕೆ ಆರರಿಂದ ಎಂಟು ವಾರ ಒಳ್ಳೆಯ ಸಮಯ. ಎರಡನೆಯ ಕಣ್ಣನ್ನು ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಮಾಡುತ್ತಾರೆ. ಹಾಗಾದರೆ ಹುಟ್ಟಿದ ಮರುದಿನವೇ ಏಕೆ ಮಾಡುವುದಿಲ್ಲ? ಮೊದಲ ನಾಲ್ಕು ವಾರದೊಳಗೆ ಮಾಡಿದರೆ ಮುಂದೆ ಗ್ಲಾಕೋಮಾ, ಅಂದರೆ ಕಣ್ಣೊತ್ತಡ ಏರಿ ಕಣ್ಣಿನ ನರ ಹಾಳಾಗುವ ರೋಗ, ಬರುವ ಅಪಾಯ ಹೆಚ್ಚುತ್ತದೆ, ಅರಿವಳಿಕೆಯೂ ಕಷ್ಟ.

ಕೃತಕ ಮಸೂರ ಹಾಕಬೇಕೋ ಬೇಡವೋ ಎಂಬುದು ಮುಂದಿನ ಪ್ರಶ್ನೆ. "ಲೆನ್ಸ್ ಹಾಕಲಿಲ್ಲವಂತೆ, ಅಗ್ಗದ ಆಪರೇಶನ್" ಎಂದು ಮೂಗು ಮುರಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಕಣ್ಣಿನಲ್ಲಿ ಪೊರೆ ಇದ್ದ 114 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಣ್ಣೊಳಗೆ ಮಸೂರ, ಇನ್ನೊಂದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟು ಅಮೆರಿಕದಲ್ಲಿ ದೊಡ್ಡ ಅಧ್ಯಯನ ನಡೆದಿದೆ. ನಾಲ್ಕೂವರೆ ವರ್ಷಕ್ಕೆ ನೋಡಿದಾಗ ಎರಡೂ ಗುಂಪುಗಳ ದೃಷ್ಟಿ ಹೆಚ್ಚುಕಡಿಮೆ ಸಮ. ಮಸೂರ ಹಾಕಿಸಿಕೊಂಡವರಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದದ್ದು ಹೆಚ್ಚು. ಆರೇಳು ತಿಂಗಳೊಳಗಿನ ಶಿಶುಗಳಿಗೆ ಮಸೂರ ಹಾಕದೆ ಬಿಡುವುದು ಈ ಕಾರಣದಿಂದ. ಹುಟ್ಟಿದ ಕೂಸಿನ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್, ವಯಸ್ಕರದು 23ರ ಸುತ್ತಮುತ್ತ. ಬೆಳವಣಿಗೆಯ ದೊಡ್ಡ ಪಾಲು ಮೊದಲ ಎರಡು ವರ್ಷದಲ್ಲಿ. ಇಂದು ಹೊಂದುವ ಪವರ್ ಮರುವರ್ಷಕ್ಕೆ ಹೊಂದದು. ಎರಡು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ಮಸೂರ ಹಾಕುತ್ತಾರೆ. ಆಗಲೂ ಕಣ್ಣು ಬೆಳೆಯಲೆಂದು ಬೇಕೆಂದೇ ಕಡಿಮೆ ಪವರಿನದನ್ನು ಹಾಕುವುದರಿಂದ ಕನ್ನಡಕ ತಪ್ಪುವುದಿಲ್ಲ.

ಐದನೆಯ ಹೆಜ್ಜೆ: ಶಸ್ತ್ರಚಿಕಿತ್ಸೆಯ ದಿನ

ಪೂರ್ಣ ಅರಿವಳಿಕೆಯಲ್ಲಿ ಮಾಡುತ್ತಾರೆ. ಹೊಟ್ಟೆ ಖಾಲಿ ಇರಬೇಕಾದ ಸಾಮಾನ್ಯ ನಿಯಮ: ಎದೆಹಾಲು ನಾಲ್ಕು ಗಂಟೆ ಮುಂಚೆ, ಡಬ್ಬಿ ಹಾಲು ಅಥವಾ ಹಸುವಿನ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು. ಆಸ್ಪತ್ರೆ ಬರೆದುಕೊಟ್ಟ ಸಮಯವೇ ಅಂತಿಮ. ಮಗು ಅತ್ತಿತೆಂದು ಅಜ್ಜಿ ಬಾತ್‌ರೂಮಿನ ಹಿಂದೆ ಹೋಗಿ ಎರಡು ಗುಟುಕು ಕುಡಿಸಿದರೆ ಆ ದಿನದ ಶಸ್ತ್ರಚಿಕಿತ್ಸೆ ರದ್ದು. ಮುಚ್ಚಿಟ್ಟರೆ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯ. ನೆಗಡಿ, ಜ್ವರ ಇದ್ದರೆ ಹಿಂದಿನ ದಿನವೇ ಫೋನ್ ಮಾಡಿ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಅದನ್ನು ಅರಿವಳಿಕೆ ವೈದ್ಯರಿಗೆ ಪ್ರತ್ಯೇಕವಾಗಿ ಹೇಳಿ. ಅಂಥ ಮಕ್ಕಳನ್ನು ಒಂದು ರಾತ್ರಿ ಗಮನದಲ್ಲಿಡುತ್ತಾರೆ.

ಸಣ್ಣ ರಂಧ್ರದಿಂದ ಮಸುಕಾದ ಮಸೂರವನ್ನು ಹೀರಿ ತೆಗೆಯುತ್ತಾರೆ. ಎಳೆಯ ಮಸೂರ ಮೆತ್ತಗೆ, ಒಡೆಯಬೇಕಾಗಿಲ್ಲ. ಮಸೂರದ ಹಿಂಭಾಗದ ತೆಳು ಚೀಲವನ್ನೂ ಮಧ್ಯದಲ್ಲಿ ತೆರೆದು ಅದರ ಹಿಂದಿನ ಲೋಳೆಯನ್ನು ಸ್ವಲ್ಪ ತೆಗೆಯುತ್ತಾರೆ. ಹಾಗೆ ಮಾಡದಿದ್ದರೆ ಚಿಕ್ಕ ಮಕ್ಕಳಲ್ಲಿ ಅದು ಬಹುತೇಕ ಖಚಿತವಾಗಿ ಮತ್ತೆ ಮಸುಕಾಗುತ್ತದೆ. ದೊಡ್ಡವರಂತೆ ಲೇಸರ್ ಯಂತ್ರದ ಮುಂದೆ ಗಲ್ಲ ಇಟ್ಟು ಕೂರು ಎಂದರೆ ಕೂಸು ಕೂರುತ್ತದೆಯೇ?

ಆರನೆಯ ಹೆಜ್ಜೆ: ಮೊದಲ ಕೆಲವು ವಾರ

ಹನಿಗಳು ಹಲವು: ಉರಿಯೂತಕ್ಕೆ ಸ್ಟಿರಾಯ್ಡ್, ಸೋಂಕಿಗೆ ಆಂಟಿಬಯೋಟಿಕ್, ಪಾಪೆ ಅಗಲಿಸಲು ಇನ್ನೊಂದು. ಮೂರು ಬಾಟಲಿಗಳ ಮುಚ್ಚಳವೂ ಒಂದೇ ಥರ ಕಾಣುತ್ತದೆ, ಹೆಸರುಗಳು ಇರುವೆ ಅಕ್ಷರದಲ್ಲಿರುತ್ತವೆ. ಬಾಟಲಿಗೆ ಅಂಟುಪಟ್ಟಿ ಸುತ್ತಿ ಕನ್ನಡದಲ್ಲಿ ದೊಡ್ಡದಾಗಿ ಒಂದು, ಎರಡು, ಮೂರು ಎಂದು ಬರೆಯಿರಿ. ಗೋಡೆಯ ಮೇಲಿನ ಹಾಳೆಯಲ್ಲಿ ಸಮಯ ಬರೆದು ಹಾಕಿದಾಗಲೆಲ್ಲ ಗೀಟು ಎಳೆಯಿರಿ. ಹಾಕುವ ಕ್ರಮ ಹೀಗೆ: ಸಾಬೂನಿನಿಂದ ಕೈ ತೊಳೆದು, ಮಗುವನ್ನು ದುಪ್ಪಟ್ಟಿಯಲ್ಲಿ ಕೈ ಸೇರಿಸಿ ಸುತ್ತಿ, ಅಂಗಾತ ಮಲಗಿಸಿ. ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದಾಗ ಆಗುವ ತಗ್ಗಿನಲ್ಲಿ ಒಂದೇ ಹನಿ ಬೀಳಲಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಮೂಗಿನ ಕಡೆಯ ಮೂಲೆಯನ್ನು ಒಂದು ನಿಮಿಷ ಹಗುರಾಗಿ ಒತ್ತಿಹಿಡಿದರೆ ಔಷಧ ಗಂಟಲಿಗೆ, ರಕ್ತಕ್ಕೆ ಹೋಗುವುದು ತಗ್ಗುತ್ತದೆ. ಮುಂದಿನ ಹನಿಗೆ ಐದು ನಿಮಿಷ ಬಿಡಿ. ಪಾಪೆ ಅಗಲಿಸುವ ಹನಿಯಿಂದ ಮುಖ ಕೆಂಪಾಗಿ ಮೈ ಬಿಸಿಯಾದರೆ ವೈದ್ಯರಿಗೆ ತಿಳಿಸಿ. ಸ್ಟಿರಾಯ್ಡ್ ಹನಿಯನ್ನು ಹಂತಹಂತವಾಗಿ ಇಳಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಮುಗಿದ ಮೇಲೆ ಅಂಗಡಿಯಿಂದ ತಂದು ಮುಂದುವರಿಸಲೂ ಬೇಡಿ, ಕಣ್ಣೊತ್ತಡ ಏರುತ್ತದೆ.

ಮಾಲಿಶ್ ಬಾಯಿಗೆ ರಜೆ ಕೊಡಿ. ಎಣ್ಣೆ ತಿಕ್ಕಿ, ಮೂಗು ಎತ್ತಿ, ಹಣೆ ಒತ್ತಿ, ಬಿಸಿನೀರು ತಲೆಗೆ ಸುರಿಯುವ ಅಭ್ಯಂಜನ ಹೊಲಿಗೆ ಹಾಕಿದ ಕಣ್ಣಿಗೆ ಆಗದು. ವೈದ್ಯರು ಒಪ್ಪುವವರೆಗೆ ಕುತ್ತಿಗೆಯಿಂದ ಕೆಳಗೆ ಸ್ನಾನ, ಮುಖಕ್ಕೆ ಒದ್ದೆ ಬಟ್ಟೆ. ಕಾಡಿಗೆ ಬೇಡ, ಸ್ನಾನದ ನಂತರದ ಲೋಬಾನದ ಹೊಗೆಯೂ ಬೇಡ. ಮಲಗುವಾಗ ಕಣ್ಣಿನ ಕವಚ ಇರಲಿ. ರೆಪ್ಪೆ ಊದಿ ಕೀವು ಬಂದರೆ, ಕಣ್ಣು ಕೆಂಡದಂತೆ ಕೆಂಪಾದರೆ, ಕರಿಗುಡ್ಡೆ ಮಬ್ಬಾದರೆ, ಮಗು ಹಾಲು ಬಿಟ್ಟು ಒಂದೇ ಸಮನೆ ಅತ್ತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಭಾನುವಾರವಾದರೂ, ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೂ.

ಏಳನೆಯ ಹೆಜ್ಜೆ: ಕನ್ನಡಕ

ಮಸೂರ ತೆಗೆದ ಕಣ್ಣಿಗೆ ಬೆಳಕನ್ನು ಒಂದೆಡೆ ಕೂಡಿಸುವ ಸಾಧನವಿಲ್ಲ. ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ವ್ಯರ್ಥ. ಶಿಶುವಿಗೆ ಪ್ಲಸ್ 20ರ ಆಸುಪಾಸಿನ ಪವರ್ ಬೇಕಾಗುವುದು ಸಾಮಾನ್ಯ. ಎರಡೂ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದರೆ ಕನ್ನಡಕ ಸಾಕಾಗುತ್ತದೆ. ಒಂದೇ ಕಣ್ಣಾದರೆ ಎರಡೂ ಕಣ್ಣಿನ ಚಿತ್ರದ ಗಾತ್ರ ಬೇರೆಬೇರೆಯಾಗುವುದರಿಂದ ಕಾಂಟ್ಯಾಕ್ಟ್ ಲೆನ್ಸ್ ಮೇಲು. ಅದನ್ನು ದಿನವೂ ಹಾಕಿ ತೆಗೆದು ತೊಳೆಯುವುದು ದೊಡ್ಡ ಕೆಲಸ, ವೆಚ್ಚವೂ ಹೆಚ್ಚು. ಆಗದಿದ್ದವರು ತಲೆ ಕೆಡಿಸಿಕೊಳ್ಳದೆ ಕನ್ನಡಕವನ್ನೇ ನಿಷ್ಠೆಯಿಂದ ಹಾಕಿಸಲಿ.

ಶಸ್ತ್ರಚಿಕಿತ್ಸೆಯಾದ ಒಂದೆರಡು ವಾರದಲ್ಲಿ ಕನ್ನಡಕ ಮೂಗಿನ ಮೇಲಿರಬೇಕು. ಕಿವಿಗೆ ಸಿಕ್ಕಿಸುವ ಕಡ್ಡಿಯ ಬದಲು ತಲೆಯ ಹಿಂದೆ ಹೋಗುವ ಎಲಾಸ್ಟಿಕ್ ಪಟ್ಟಿಯ ಮೆತ್ತನೆಯ ಫ್ರೇಮ್ ಕೇಳಿ. ಮಗು ಕಿತ್ತೆಸೆಯುತ್ತದೆ. ನೀವು ಮತ್ತೆ ಹಾಕುತ್ತೀರಿ. ಹತ್ತು ಹದಿನೈದು ದಿನ ಇದೇ ಆಟ, ಆಮೇಲೆ ಕನ್ನಡಕ ಹಾಕಿದಾಗಲೇ ಜಗತ್ತು ಕಾಣುತ್ತದೆ ಎಂದು ಮಗುವಿಗೆ ತಿಳಿಯುತ್ತದೆ. ಮೊದಲ ವರ್ಷ ಎರಡು ಮೂರು ತಿಂಗಳಿಗೊಮ್ಮೆ ಪವರ್ ಬದಲಾಗಬಹುದು. ಶಿಶುವಿನ ಜಗತ್ತು ಒಂದು ತೋಳಿನ ದೂರದ್ದು, ಆದ್ದರಿಂದ ಹತ್ತಿರಕ್ಕೆ ಹೊಂದುವಂತೆ ಪವರ್ ಕೊಟ್ಟಿರುತ್ತಾರೆ. ನಡೆದಾಡುವ ವಯಸ್ಸಾದ ಮೇಲೆ ದೂರ ಮತ್ತು ಹತ್ತಿರ ಎರಡಕ್ಕೂ ಬೈಫೋಕಲ್. ಲೋಕಲ್ ಟ್ರೈನಿನ ಲೇಡಿಸ್ ಡಬ್ಬಿಯಲ್ಲಿ "ಇತಕ್ಯಾ ಲಹಾನ್ ಬಾಳಾಲಾ ಚಷ್ಮಾ?" (ಇಷ್ಟು ಚಿಕ್ಕ ಮಗುವಿಗೆ ಕನ್ನಡಕವೇ?) ಎಂಬ ಉದ್ಗಾರಕ್ಕೆ ಒಂದು ಚುಟುಕು ಉತ್ತರ ಸಿದ್ಧವಿಟ್ಟುಕೊಳ್ಳಿ. ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಳ್ಳುವುದು ಉತ್ತರವಲ್ಲ.

ಎಂಟನೆಯ ಹೆಜ್ಜೆ: ಒಳ್ಳೆಯ ಕಣ್ಣಿಗೆ ಪಟ್ಟಿ

ನನ್ನ ಕಣ್ಣಳತೆಯಲ್ಲಿ ಹೆಚ್ಚು ಮನೆಗಳು ಸೋಲುವುದು ಶಸ್ತ್ರಚಿಕಿತ್ಸೆಯಲ್ಲಿ ಅಲ್ಲ, ಇಲ್ಲಿ. ಒಂದು ಕಣ್ಣು ಬಲವಾಗಿ ಇನ್ನೊಂದು ಹಿಂದುಳಿದಿದ್ದರೆ ಬಲವಾದ ಕಣ್ಣನ್ನು ದಿನಕ್ಕೆ ಇಷ್ಟು ಹೊತ್ತು ಎಂದು ಮುಚ್ಚಿ, ಹಿಂದುಳಿದದ್ದಕ್ಕೆ ಕೆಲಸ ಕೊಡಬೇಕು.

"ಇರುವ ಒಂದು ಒಳ್ಳೆಯ ಕಣ್ಣನ್ನೂ ಯಾಕೆ ಮುಚ್ಚುತ್ತೀಯೇ ಮಾರಾಯ್ತಿ?" ಎಂದು ಅತ್ತೆ ಕೇಳುತ್ತಾರೆ.

"ಆ ಕಣ್ಣು ಎಲ್ಲಿಗೂ ಹೋಗುವುದಿಲ್ಲ ಅತ್ತೆ. ಇದಕ್ಕೆ ಸ್ವಲ್ಪ ಜಾಗ ಬೇಕಲ್ಲ" ಎಂದು ಕುರ್ಲಾದ ಒಬ್ಬ ತಾಯಿ ಕೊಟ್ಟ ಉತ್ತರ ನನಗೆ ಯಾವ ವೈದ್ಯರ ವಿವರಣೆಗಿಂತ ಹಿಡಿಸಿತು.

ಒಂದೇ ಕಣ್ಣಿನ ಪೊರೆಗೆ ಮೇಲೆ ಹೇಳಿದ ಅಧ್ಯಯನ ಅನುಸರಿಸಿದ ಲೆಕ್ಕ ನೆನಪಿಡಲು ಸುಲಭ: ಎಂಟು ತಿಂಗಳವರೆಗೆ ಮಗುವಿಗೆ ಎಷ್ಟು ತಿಂಗಳೋ ದಿನಕ್ಕೆ ಅಷ್ಟು ಗಂಟೆ, ಆಮೇಲೆ ಎಚ್ಚರವಿರುವ ಹೊತ್ತಿನ ಅರ್ಧ. ನಿಮ್ಮ ಮಗುವಿನ ಲೆಕ್ಕವನ್ನು ವೈದ್ಯರೇ ಬರೆಯಬೇಕು, ಏಕೆಂದರೆ ಅತಿಯಾದರೆ ಒಳ್ಳೆಯ ಕಣ್ಣೂ ಹಿಂದೆ ಬೀಳಬಹುದು. ನಿದ್ದೆಯ ಹೊತ್ತು ಲೆಕ್ಕಕ್ಕಿಲ್ಲ. ಪಟ್ಟಿಯನ್ನು ನೇರವಾಗಿ ಚರ್ಮಕ್ಕೆ ಅಂಟಿಸಬೇಕು. ಕನ್ನಡಕಕ್ಕೆ ಬಟ್ಟೆ ಕಟ್ಟಿದರೆ ಮಗು ಮೇಲಿನಿಂದ ಇಣುಕುತ್ತದೆ. ಮುಂಬೈಯ ಜೂನ್, ಜುಲೈಯ ಸೆಕೆಯಲ್ಲಿ ಬೆವರಿಗೆ ಅಂಟು ನಿಲ್ಲುವುದಿಲ್ಲ, ಚರ್ಮವೂ ಕೆಂಪಾಗುತ್ತದೆ. ಮುಖ ಒರೆಸಿ ಪೂರ್ತಿ ಒಣಗಿಸಿ ಫ್ಯಾನಿನ ಕೆಳಗೆ ಅಂಟಿಸಿ, ಅಂಚು ದಿನವೂ ಒಂದೇ ಜಾಗಕ್ಕೆ ಬಾರದಂತೆ ನೋಡಿ, ತೆಗೆಯುವಾಗ ಅಂಚಿಗೆ ತುಸು ಕೊಬ್ಬರಿ ಎಣ್ಣೆ ಸವರಿ. ಹಾಲುಣಿಸುವ ಹೊತ್ತು, ಬಣ್ಣದ ಗಿಲಕಿಯ ಹೊತ್ತು, ಬಾಲ್ಕನಿಯಲ್ಲಿ ಪಾರಿವಾಳ ತೋರಿಸುವ ಹೊತ್ತು ಪಟ್ಟಿಯ ಹೊತ್ತಾಗಲಿ. ಇದು ಏಳೆಂಟು ವರ್ಷದವರೆಗೂ ನಡೆಯುವ ಕೆಲಸ. ಬಾಲವಾಡಿಗೆ ಸೇರಿಸುವಾಗ ಅಲ್ಲಿಯ ಶಿಕ್ಷಕಿಗೆ ತಿಳಿಸಿ ಹೇಳಿ.

ಸ್ವಲ್ಪ ದೊಡ್ಡ ಮಕ್ಕಳ ಪೊರೆ

ನಾಲ್ಕೈದು ವರ್ಷದ ಮಗು ಟಿವಿಗೆ ಮೂಗು ತಾಗಿಸಿ ನೋಡಿದರೆ, ಬಿಸಿಲಿಗೆ ಹೋದೊಡನೆ ಒಂದು ಕಣ್ಣು ಮುಚ್ಚಿದರೆ ತೋರಿಸಿ. ಈ ವಯಸ್ಸಿನಲ್ಲಿ ಪೆಟ್ಟು ದೊಡ್ಡ ಕಾರಣ: ಚಿನ್ನಿದಾಂಡಿನ ಚಿನ್ನಿ, ಪೊರಕೆ ಕಡ್ಡಿಯ ಬಾಣ, ದೀಪಾವಳಿಯ ಪಟಾಕಿ, ಹೋಳಿಯಲ್ಲಿ ಮಹಡಿಯಿಂದ ಎಸೆದ ನೀರಿನ ಬಲೂನು. ಚುಚ್ಚಿದ ಗಾಯವಾದರೆ ಕಣ್ಣು ತೊಳೆಯಬೇಡಿ, ಉಜ್ಜಬೇಡಿ, ಒತ್ತಿ ಕಟ್ಟಬೇಡಿ. ಉಕ್ಕಿನ ಲೋಟದ ತಳದಂಥ ಏನನ್ನಾದರೂ ಕಣ್ಣಿಗೆ ತಾಗದಂತೆ ಅಡ್ಡಹಿಡಿದು ಆಸ್ಪತ್ರೆಗೆ ಹೊರಡಿ. ಉಬ್ಬಸ, ಕೀಲುನೋವು, ಮೂತ್ರಪಿಂಡದ ತೊಂದರೆಗೆಂದು ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಳ್ಳುವ ಮಕ್ಕಳಿಗೂ ಪೊರೆ ಬರಬಹುದು. ಅವರ ಕಣ್ಣನ್ನು ನಿಯಮಿತವಾಗಿ ನೋಡಿಸುತ್ತಿರಬೇಕು.

ಮುಗಿಯದ ತಪಾಸಣೆ

ಪೊರೆ ತೆಗೆದ ಮಗುವಿಗೆ ಗ್ಲಾಕೋಮಾ ತಿಂಗಳಲ್ಲಿಯೂ ಬರಬಹುದು, ಹದಿನೈದು ವರ್ಷದ ಮೇಲೂ ಬರಬಹುದು. ಶಿಶುವಿನ ಕಣ್ಣೊತ್ತಡ ಏರಿದರೆ ಕರಿಗುಡ್ಡೆ ಹಿಗ್ಗುತ್ತದೆ. ನಾಮಕರಣಕ್ಕೆ ಬಂದವರು "ಎಂಥ ದೊಡ್ಡ ಕಣ್ಣು, ಥೇಟ್ ಮಾವನದೇ" ಎಂದು ಹೊಗಳಿದಾಗ, ಮಗುವಿನ ಕಣ್ಣಲ್ಲಿ ನೀರು ಸುರಿಯುತ್ತಿದ್ದು ಬೆಳಕಿಗೆ ಮುಖ ಮುಚ್ಚಿಕೊಳ್ಳುತ್ತಿದ್ದರೆ, ಮರುದಿನವೇ ತೋರಿಸಿ. ಚಿಕ್ಕ ಮಕ್ಕಳ ಒತ್ತಡ ಅಳೆಯಲು ಕೆಲವೊಮ್ಮೆ ಮತ್ತೆ ಅರಿವಳಿಕೆ ಕೊಡುತ್ತಾರೆ. ಅದಕ್ಕೆ ಹೆದರಿ ತಾರೀಖು ತಪ್ಪಿಸಬೇಡಿ. ದೃಷ್ಟಿ ಕಡಿಮೆಯೇ ಉಳಿದ ಮಕ್ಕಳಿಗೆ ಭೂತಗನ್ನಡಿ, ದೊಡ್ಡಕ್ಷರದ ಪುಸ್ತಕ, ಮುಂದಿನ ಬೆಂಚು, ಅಂಗವೈಕಲ್ಯ ಪ್ರಮಾಣಪತ್ರದಿಂದ ಸಿಗುವ ಪರೀಕ್ಷಾ ಸೌಲಭ್ಯಗಳಿವೆ. ವರಳಿಯಲ್ಲಿ ರಾಷ್ಟ್ರೀಯ ಅಂಧರ ಸಂಘವಿದೆ, ಸಂಕೋಚವಿಲ್ಲದೆ ವಿಚಾರಿಸಿ.

ಮುಂದಿನ ಮಗುವಿಗೆ ಮೊದಲು

ಆನುವಂಶಿಕ ಎಂದು ತಿಳಿದಿದ್ದರೆ ಆನುವಂಶಿಕ ಸಲಹೆ ಪಡೆಯಿರಿ. ಮುಂದಿನ ಹೆರಿಗೆ ಎಲ್ಲಿಯೇ ಆಗಲಿ, ಮಗುವಿನ ಕಣ್ಣನ್ನು ಮೊದಲ ವಾರದಲ್ಲಿಯೇ ಪಾಪೆ ಅಗಲಿಸಿ ನೋಡಿಸಬೇಕೆಂದು ಹೆರಿಗೆ ವೈದ್ಯರ ಚೀಟಿಯಲ್ಲಿ ಮುಂಚಿತವಾಗಿ ಬರೆಸಿ. ರುಬೆಲ್ಲಾ ರಕ್ಷಣೆ ಇದೆಯೇ ಎಂದು ತಾಯಿ ರಕ್ತಪರೀಕ್ಷೆಯಿಂದ ತಿಳಿದುಕೊಳ್ಳಬಹುದು. ಇಲ್ಲದಿದ್ದರೆ ಲಸಿಕೆ ಪಡೆದು ಕನಿಷ್ಠ ಒಂದು ತಿಂಗಳು ಬಿಟ್ಟು ಗರ್ಭ ಧರಿಸಬೇಕು. ಗರ್ಭಿಣಿಯಾದ ಮೇಲೆ ಈ ಲಸಿಕೆ ಕೊಡುವುದಿಲ್ಲ. ದಡಾರ ಮತ್ತು ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ 2017ರ ಫೆಬ್ರವರಿಯಲ್ಲಿ ಕರ್ನಾಟಕ, ಗೋವಾ ಸೇರಿದಂತೆ ಕೆಲವೇ ಕಡೆ ಮೊದಲು ಶುರುವಾಯಿತು. ಈಗ ಎಲ್ಲ ಮಕ್ಕಳಿಗೂ 9ರಿಂದ 12 ತಿಂಗಳ ನಡುವೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ಉಚಿತವಾಗಿ ಸಿಗುತ್ತದೆ. ಆದರೆ ಅಭಿಯಾನಕ್ಕೂ ಮುಂಚೆಯೇ ಶಾಲೆ ಮುಗಿಸಿದ, ಈಗ ಮದುವೆಯ ವಯಸ್ಸಿನಲ್ಲಿರುವ ಎಷ್ಟೋ ಹುಡುಗಿಯರಿಗೆ ಅದು ಸಿಕ್ಕಿಲ್ಲ. ಮನೆಯಲ್ಲಿ ಅಂಥ ತಂಗಿಯೋ ನಾದಿನಿಯೋ ಇದ್ದರೆ, ಸೀರೆ ತೆಗೆಯಲು ದಾದರಿಗೆ ಹೋಗುವ ವಾರದಲ್ಲಿಯೇ ಅವಳಿಗೆ ಈ ಲಸಿಕೆಯನ್ನೂ ಹಾಕಿಸಿಬಿಡಿ.